ಲಸಿಕೆ ಪಡೆದ ಆರೋಗ್ಯ ಸಿಬ್ಬಂದಿಗೆ ಕೊರೊನಾ ಸೋಂಕು: ಅಪಾಯ ಯಾರಿಗೆ, ಎಲ್ಲಿಂದ?

ಪ್ರಶ್ನೆ: ನಾನು ಬೀದರ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿಯಾಗಿದ್ದೇನೆ. ವಯಸ್ಸು 41. ಸಕ್ಕರೆ ಕಾಯಿಲೆ ಇದ್ದು, ಮಾತ್ರೆಯಿಂದ ಹತೋಟಿಯಲ್ಲಿದೆ. 2021ರ ಜನವರಿ ಕೊನೆಯಲ್ಲಿ ಕೋವಿಶೀಲ್ಡ್ ಲಸಿಕೆಯ ಮೊದಲ ಡೋಸ್, ನಾಲ್ಕು ವಾರಗಳ ನಂತರ ಎರಡನೆಯದು ಹಾಕಿಸಿಕೊಂಡೆ. ಆದರೂ ಅದೇ ವರ್ಷದ ಮೇ ತಿಂಗಳಲ್ಲಿ ಒಮ್ಮೆ, 2022ರ ಜನವರಿಯಲ್ಲಿ ಇನ್ನೊಮ್ಮೆ ಪಾಸಿಟಿವ್ ಬಂತು. ಎರಡೂ ಸಲ ಮನೆಯಲ್ಲಿಯೇ ಗುಣವಾಯಿತು. ಮುನ್ನೆಚ್ಚರಿಕೆ ಡೋಸನ್ನು, ಎಂದರೆ ಮೂರನೆಯ ಡೋಸನ್ನು, ಆಮೇಲೆ ಪಡೆದೆ. ನಾನಿದ್ದದ್ದು ಹೆರಿಗೆ ವಾರ್ಡಿನಲ್ಲಿ. ಕೋವಿಡ್ ವಾರ್ಡಿನಲ್ಲಿ ತಿಂಗಳುಗಟ್ಟಲೆ ಡ್ಯೂಟಿ ಮಾಡಿದ ನನ್ನ ಗೆಳತಿಗೆ ಒಮ್ಮೆಯೂ ಸೋಂಕು ಬರಲಿಲ್ಲ. ಲಸಿಕೆ ನನ್ನ ಮೇಲೆ ಕೆಲಸ ಮಾಡಲಿಲ್ಲವೇ? ಆ್ಯಂಟಿಬಾಡಿ ಪರೀಕ್ಷೆ ಮಾಡಿಸಬೇಕೇ? ಮುಂದೆ ಮತ್ತೆ ಪ್ರಕರಣಗಳು ಹೆಚ್ಚಿದರೆ ಜ್ವರದ ವಾರ್ಡಿಗೆ ಹಾಕಬೇಡಿ ಎಂದು ಕೇಳಿಕೊಳ್ಳುವುದು ಸರಿಯೇ?

ಉತ್ತರ: ನಿಮ್ಮ ದೇಹದಲ್ಲಿ ಏನೋ ದೋಷವಿದೆ ಎನ್ನಲು ನೀವು ಬರೆದ ವಿವರಗಳಲ್ಲಿ ಯಾವ ಆಧಾರವೂ ಕಾಣುವುದಿಲ್ಲ. ಲಸಿಕೆ ಕೆಲಸ ಮಾಡಲಿಲ್ಲ ಎನ್ನಲೂ ಆಧಾರವಿಲ್ಲ. ನಿಮ್ಮ ಗೊಂದಲಕ್ಕೆ ಮುಖ್ಯ ಕಾರಣ, ಎರಡು ಬೇರೆ ಬೇರೆ ಪ್ರಶ್ನೆಗಳು ಅದರಲ್ಲಿ ಒಂದಾಗಿ ಬೆರೆತಿರುವುದು. ಲಸಿಕೆ ಪಡೆದವರಲ್ಲಿ ಸೋಂಕು ಯಾರಿಗೆ ತಗುಲುತ್ತದೆ ಎಂಬುದು ಒಂದು ಪ್ರಶ್ನೆ. ತಗುಲಿದವರಲ್ಲಿ ಯಾರಿಗೆ ಅದು ಉಲ್ಬಣಿಸುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ಬಹುಮಟ್ಟಿಗೆ ನಿರ್ಧರಿಸುವುದು ನಾವು ವೈರಾಣುವಿಗೆ ಎಷ್ಟು ಸಲ, ಎಷ್ಟು ಹೊತ್ತು, ಎಂಥ ಗಾಳಿಯಲ್ಲಿ ಒಡ್ಡಿಕೊಂಡೆವು ಎಂಬ ಸಂಗತಿ. ಎರಡನೆಯದನ್ನು ನಿರ್ಧರಿಸುವುದು ವಯಸ್ಸು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ಸ್ಥಿತಿ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿಗಳು ಮೊದಲಾದವು. ಆರೋಗ್ಯ ಇಲಾಖೆಯ ಸಭೆಗಳಲ್ಲಿಯೂ ಈ ಎರಡು ಪಟ್ಟಿಗಳನ್ನು ಕಲಸಿ ಮಾತನಾಡುವುದನ್ನು ನಾನು ಕೇಳಿದ್ದೇನೆ. ಪಟ್ಟಿಗಳು ಬೇರೆಯಾಗದ ಹೊರತು ಯಾರನ್ನು ಯಾವುದರಿಂದ ಕಾಪಾಡಬೇಕು ಎಂಬುದು ಸ್ಪಷ್ಟವಾಗುವುದಿಲ್ಲ.

ನಮ್ಮ ದೇಶದ ಅನುಭವದಿಂದಲೇ ಪ್ರಾರಂಭಿಸೋಣ. 2021ರ ಜನವರಿ 16ರಂದು ಲಸಿಕಾ ಅಭಿಯಾನ ಆರಂಭವಾದಾಗ ಮೊದಲ ಸಾಲಿನಲ್ಲಿ ನಿಂತವರು ಆರೋಗ್ಯ ಸಿಬ್ಬಂದಿ. ಅವರಲ್ಲಿ ಬಹಳಷ್ಟು ಜನ ಎರಡೂ ಡೋಸ್ ಮುಗಿಸುವ ಹೊತ್ತಿಗೆ ಡೆಲ್ಟಾ ತಳಿಯ ಎರಡನೆಯ ಅಲೆ ಬಂದಪ್ಪಳಿಸಿತು. ಆ ಅವಧಿಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ತನ್ನ ಹತ್ತು ಸಾವಿರಕ್ಕೂ ಹೆಚ್ಚು ನೌಕರರ ಮಾಹಿತಿಯನ್ನು ಪರಿಶೀಲಿಸಿ ಪ್ರಕಟಿಸಿತು. ಅಲ್ಲಿ ಲಸಿಕೆ ಪಡೆದವರಲ್ಲಿ ಹೆಚ್ಚಿನವರು ಹಾಕಿಸಿಕೊಂಡಿದ್ದು ನಿಮ್ಮಂತೆಯೇ ಕೋವಿಶೀಲ್ಡ್. ಎರಡು ಡೋಸ್ ಪೂರೈಸಿದ 7,080 ಮಂದಿಯಲ್ಲಿ 679 ಜನರಿಗೆ, ಎಂದರೆ ಸುಮಾರು ಹತ್ತರಲ್ಲಿ ಒಬ್ಬರಿಗೆ, ಆಮೇಲೆ ಸೋಂಕು ಬಂದಿತ್ತು. ಲಸಿಕೆ ಪಡೆಯದವರೊಡನೆ ಹೋಲಿಸಿದಾಗ ಎರಡು ಡೋಸ್‌ಗಳಿಂದ ಸೋಂಕಿನ ವಿರುದ್ಧ ದೊರೆತ ರಕ್ಷಣೆ ಶೇ 65, ಆಸ್ಪತ್ರೆ ಸೇರುವುದರ ವಿರುದ್ಧ ಶೇ 77, ಆಮ್ಲಜನಕ ಬೇಕಾಗುವುದರ ವಿರುದ್ಧ ಶೇ 92, ಐಸಿಯು ಸೇರುವುದರ ವಿರುದ್ಧ ಶೇ 94. ರೋಗ ತೀವ್ರವಾದಷ್ಟೂ ರಕ್ಷಣೆ ಗಟ್ಟಿಯಾಗುತ್ತಾ ಹೋಗುವುದನ್ನು ಈ ಅಂಕಿಗಳಲ್ಲಿ ಗಮನಿಸಿ. ನಿಮಗೆ ಎರಡು ಸಲ ಸೋಂಕು ತಗುಲಿಯೂ, ಸಕ್ಕರೆ ಕಾಯಿಲೆ ಇದ್ದೂ, ಆಮ್ಲಜನಕದ ಅಗತ್ಯ ಬೀಳಲಿಲ್ಲ. ಒಬ್ಬ ವ್ಯಕ್ತಿಯ ಮಟ್ಟಿಗೆ ಇದು ಲಸಿಕೆಯಿಂದಲೇ ಆಯಿತು ಎಂದು ಸಾಧಿಸಲು ಬರುವುದಿಲ್ಲ. ಆದರೆ ಲಸಿಕೆಯಿಂದ ನಿರೀಕ್ಷಿಸಿದ ಫಲಕ್ಕೂ ನಿಮ್ಮ ಅನುಭವಕ್ಕೂ ವಿರೋಧವಿಲ್ಲ.

ದೆಹಲಿಯ ಏಮ್ಸ್ ಸಂಸ್ಥೆಯ ನೌಕರರಲ್ಲಿ, 2021ರ ಏಪ್ರಿಲ್ ಮಧ್ಯದಿಂದ ಮೇ ಮಧ್ಯದವರೆಗೆ ನಡೆದ ಅಧ್ಯಯನವೊಂದರಲ್ಲಿ ಕೋವ್ಯಾಕ್ಸಿನ್‌ನ ಎರಡು ಡೋಸ್‌ಗಳು ಲಕ್ಷಣಸಹಿತ ರೋಗದ ವಿರುದ್ಧ ಶೇ 50ರಷ್ಟು ರಕ್ಷಣೆ ನೀಡಿದ್ದು ಕಂಡುಬಂತು. ಇದನ್ನು ವೆಲ್ಲೂರಿನ ಅಂಕಿಯ ಪಕ್ಕದಲ್ಲಿಟ್ಟು ಯಾವ ಲಸಿಕೆ ಮೇಲು ಎಂದು ವಾದಿಸುವವರಿದ್ದಾರೆ. ಅಧ್ಯಯನದ ವಿಧಾನ ಬೇರೆ, ಊರು ಬೇರೆ, ಆ ತಿಂಗಳಲ್ಲಿ ಸುತ್ತಲಿದ್ದ ವೈರಾಣುವಿನ ಒತ್ತಡ ಬೇರೆ. ಆದ್ದರಿಂದ ಆ ಹೋಲಿಕೆ ನಿಲ್ಲುವುದಿಲ್ಲ.

‘ಪಾಸಿಟಿವ್ ಬಂದ ಸಿಬ್ಬಂದಿಯಲ್ಲಿ ಬಹುತೇಕರು ಲಸಿಕೆ ಪಡೆದವರೇ’ ಎಂಬ ಮಾತು ಆಗ ಪ್ರತಿ ಆಸ್ಪತ್ರೆಯಲ್ಲಿಯೂ ಕೇಳಿಬರುತ್ತಿತ್ತು. ಮಾತು ನಿಜವೇ, ಅದರಿಂದ ಎಳೆಯುವ ತೀರ್ಮಾನ ಮಾತ್ರ ತಪ್ಪು. ಲೆಕ್ಕಕ್ಕಾಗಿ ನೂರು ಸಿಬ್ಬಂದಿಯ ಒಂದು ಆಸ್ಪತ್ರೆಯನ್ನು ಕಲ್ಪಿಸಿಕೊಳ್ಳಿ. 95 ಜನ ಲಸಿಕೆ ಪಡೆದಿದ್ದಾರೆ, ಐವರು ಪಡೆದಿಲ್ಲ. ಪಡೆದವರಲ್ಲಿ 19 ಮಂದಿಗೆ, ಪಡೆಯದವರಲ್ಲಿ ಮೂವರಿಗೆ ಸೋಂಕು ಬಂತು ಎನ್ನೋಣ. ಸೋಂಕಿತರಾದ 22 ಜನರಲ್ಲಿ 19 ಜನ ಲಸಿಕೆ ಪಡೆದವರೇ ಆಗಿರುತ್ತಾರೆ. ಆದರೆ ಲಸಿಕೆ ಪಡೆದವರಲ್ಲಿ ಸೋಂಕಿನ ಪ್ರಮಾಣ ಶೇ 20, ಪಡೆಯದವರಲ್ಲಿ ಶೇ 60. ಎಲ್ಲರೂ ಲಸಿಕೆ ಪಡೆದ ಆಸ್ಪತ್ರೆಯಲ್ಲಿ ಸೋಂಕಿತರೆಲ್ಲರೂ ಲಸಿಕೆ ಪಡೆದವರೇ ಆಗಿರುವುದು ಅನಿವಾರ್ಯ.

ಈಗ ಅಪಾಯ ಎಲ್ಲಿಂದ ಬರುತ್ತದೆ ಎಂಬ ವಿಚಾರ. ನಾನು ಹೆಚ್ಚು ಒತ್ತು ಕೊಡಬಯಸುವುದು ಇದಕ್ಕೇ, ಏಕೆಂದರೆ ನಿಮ್ಮ ಗೆಳತಿಯ ಒಗಟಿಗೆ ಉತ್ತರವಿರುವುದೂ ಇಲ್ಲಿಯೇ. ಕೋವಿಡ್ ವಾರ್ಡು ಅತಿ ಅಪಾಯದ ಜಾಗ, ಉಳಿದ ವಾರ್ಡುಗಳು ಸುರಕ್ಷಿತ ಎಂಬ ಎಣಿಕೆ ಮೊದಲಿನಿಂದಲೂ ನಮ್ಮಲ್ಲಿ ಬೇರೂರಿದೆ. ಆದರೆ ರೋಗಿಗೆ ಸೋಂಕಿದೆ ಎಂದು ಮೊದಲೇ ತಿಳಿದಿರುವ ಜಾಗದಲ್ಲಿ ಎನ್-95 ಮಾಸ್ಕ್, ಮುಖಕವಚ, ಕೈಗವಸು, ಉಡುಪು ತೊಟ್ಟು ಬಿಚ್ಚುವ ಕ್ರಮ ಎಲ್ಲವೂ ಇರುತ್ತವೆ; ಸಿಬ್ಬಂದಿಯ ಮನಸ್ಸೂ ಎಚ್ಚರದಲ್ಲಿರುತ್ತದೆ. ಸೋಂಕು ಹೆಚ್ಚು ದಾಟುವುದು, ಅದು ಇದೆ ಎಂದು ಯಾರಿಗೂ ಸಂಶಯವೇ ಬಾರದ ಕಡೆ. ಇದಕ್ಕೆ ನಮ್ಮ ಕಲಬುರಗಿಗಿಂತ ಹಳೆಯ ಉದಾಹರಣೆ ಈ ದೇಶದಲ್ಲಿ ಸಿಗದು. ಭಾರತದಲ್ಲಿ ಕೋವಿಡ್‌ನಿಂದಾದ ಮೊದಲ ಸಾವು ಈ ನಗರದ 76 ವರ್ಷದ ಹಿರಿಯರದು. ಅವರು 2020ರ ಮಾರ್ಚ್ 10ರಂದು ತೀರಿಕೊಂಡರು. ಸೋಂಕು ದೃಢಪಟ್ಟದ್ದು ಮಾರ್ಚ್ 12ರಂದು. ಅವರಿಗೆ ಮನೆಯಲ್ಲಿ ಚಿಕಿತ್ಸೆ ನೀಡಿದ್ದ ವೈದ್ಯರಿಗೂ ಕೆಲವೇ ದಿನಗಳಲ್ಲಿ ಸೋಂಕು ಖಚಿತವಾಯಿತು. ಆಗ ಲಸಿಕೆ ಇರಲಿಲ್ಲ ಎಂಬುದು ದಿಟ. ಆದರೆ ಸೋಂಕು ಹಿಡಿದ ದಾರಿ ಲಸಿಕೆ ಬಂದ ನಂತರವೂ ಬದಲಾಗಲಿಲ್ಲ.

ಹೆರಿಗೆ ವಾರ್ಡನ್ನು ಈ ದೃಷ್ಟಿಯಿಂದ ನೋಡಿ. ಬರುವ ತಾಯಿ ಜ್ವರದ ರೋಗಿಯಲ್ಲ. ಅವಳನ್ನು ಯಾರೂ ಕೋವಿಡ್ ಶಂಕಿತೆ ಎಂದು ಭಾವಿಸುವುದಿಲ್ಲ. ಹೆರಿಗೆಯ ನೋವಿನಲ್ಲಿ ಜೋರಾಗಿ ಉಸಿರಾಡುವ, ಕೂಗುವ ಅವಳ ಮುಖದ ಹತ್ತಿರವೇ ನೀವು ಗಂಟೆಗಟ್ಟಲೆ ಇರುತ್ತೀರಿ. ಅವಳಿಗೆ ಮಾಸ್ಕ್ ಹಾಕಿಸುವುದು ಸಾಧ್ಯವಿಲ್ಲ, ಹಾಕಿಸಬೇಕೆಂದು ನಾನೂ ಹೇಳುವುದಿಲ್ಲ. ಜೊತೆಗೆ ತಾಯಿ, ಅತ್ತೆ, ಅತ್ತಿಗೆ ಎಂದು ನಾಲ್ಕೈದು ಜನ. ನಮ್ಮ ಭಾಗದಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಬರುವ ವಾಡಿಕೆ ಇರುವುದರಿಂದ, ದುಡಿಯಲು ಮುಂಬೈ, ಪುಣೆ, ಹೈದರಾಬಾದಿಗೆ ಹೋದ ಕುಟುಂಬಗಳ ಹೆಣ್ಣುಮಕ್ಕಳು ಅಲೆಯ ನಡುವೆಯೇ ಊರಿಗೆ ಮರಳುತ್ತಿದ್ದರು. ಇಂಥಲ್ಲಿ ಸರಳ ಸರ್ಜಿಕಲ್ ಮಾಸ್ಕ್ ಧರಿಸಿ ಎಂಟು ಗಂಟೆ ನಿಂತವರು, ಐಸಿಯುದಲ್ಲಿ ಸರಿಯಾಗಿ ಕೂರುವ ಎನ್-95 ತೊಟ್ಟು ನಿಂತವರಿಗಿಂತ ಹೆಚ್ಚು ವೈರಾಣುವನ್ನು ಉಸಿರಾಡಿರುವ ಸಾಧ್ಯತೆ ಇದೆ. ಕಿವಿ-ಮೂಗು-ಗಂಟಲು, ದಂತ ವಿಭಾಗ, ತುರ್ತು ಚಿಕಿತ್ಸೆ, ಓಪಿಡಿ ಚೀಟಿ ಕೊಡುವ ಕಿಟಕಿ, ಎಕ್ಸ್-ರೇ ಕೋಣೆ, ಇವುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಹಾಗೆಂದು ಕೋವಿಡ್ ವಾರ್ಡಿನಲ್ಲಿ ಅಪಾಯವೇ ಇಲ್ಲವೆಂದಲ್ಲ. ಶ್ವಾಸನಾಳಕ್ಕೆ ಕೊಳವೆ ಹಾಕುವುದು, ಕಫ ಹೀರುವ ಸಕ್ಷನ್, ಸ್ವ್ಯಾಬ್ ತೆಗೆಯುವಾಗ ಎದುರಿಗೇ ಬರುವ ಕೆಮ್ಮು, ಇವೆಲ್ಲ ನಿಜವಾದ ಅಪಾಯಗಳೇ. ಹಾಸಿಗೆಯ ಬಳಿ ಕಳೆಯುವ ಸಮಯವೂ ಗಣನೆಗೆ ಬರುತ್ತದೆ. ಸುತ್ತು ಮುಗಿಸಿ ಹೋಗುವ ವೈದ್ಯರಿಗಿಂತ ಶುಶ್ರೂಷಕಿಯರು, ಆಯಾಗಳು, ಸ್ವಚ್ಛತಾ ಕೆಲಸದವರು ರೋಗಿಯ ಹತ್ತಿರ ಹೆಚ್ಚು ಹೊತ್ತು ಇರುತ್ತಾರೆ. ಗುತ್ತಿಗೆಯ ಮೇಲೆ ದುಡಿಯುವ ಗ್ರೂಪ್ ‘ಡಿ’ ಸಿಬ್ಬಂದಿಗೆ ಮಾಸ್ಕ್ ಕೊನೆಯದಾಗಿ ತಲುಪುವುದು, ತರಬೇತಿ ತಲುಪದೇ ಹೋಗುವುದು ಹೊಸ ಸಂಗತಿಯಲ್ಲ. ಬೇಸಿಗೆಯಲ್ಲಿ ಕಲಬುರಗಿ, ಯಾದಗಿರಿಯ ತಾಪಮಾನ 42 ಡಿಗ್ರಿ ದಾಟುವ ದಿನಗಳಲ್ಲಿ ಪಿಪಿಇ ಕಿಟ್ ತೊಟ್ಟವರ ಸ್ಥಿತಿಯನ್ನು ತೊಟ್ಟವರೇ ಬಲ್ಲರು. ಬೆವರಿನಿಂದ ಮಾಸ್ಕ್ ಒದ್ದೆಯಾಗುತ್ತದೆ, ಮುಖದ ಮೇಲಿಂದ ಜಾರುತ್ತದೆ, ಕೈ ಪದೇ ಪದೇ ಅಲ್ಲಿಗೇ ಹೋಗುತ್ತದೆ; ಕಿಟ್ ಬಿಚ್ಚುವಾಗಿನ ಆತುರದಲ್ಲಿ ಕ್ರಮ ತಪ್ಪುತ್ತದೆ. ಕೈಪಿಡಿಗಳನ್ನು ತಂಪು ಕೋಣೆಯಲ್ಲಿ ಕುಳಿತು ಬರೆದವರು ಇದನ್ನು ಅಷ್ಟಾಗಿ ಯೋಚಿಸಿದಂತಿಲ್ಲ.

ವಾರ್ಡಿಗಿಂತಲೂ ಅಪಾಯಕಾರಿಯಾದ ಎರಡು ಜಾಗಗಳಿವೆ. ಒಂದು ಮನೆ, ಇನ್ನೊಂದು ಸಿಬ್ಬಂದಿಯ ವಿಶ್ರಾಂತಿ ಕೋಣೆ. ಇಸ್ರೇಲಿನ ಶೀಬಾ ವೈದ್ಯಕೀಯ ಕೇಂದ್ರದಲ್ಲಿ ಫೈಜರ್ ಲಸಿಕೆಯನ್ನು ಪೂರ್ಣವಾಗಿ ಪಡೆದ 1,497 ಸಿಬ್ಬಂದಿಯನ್ನು ಪರೀಕ್ಷಿಸಿದಾಗ 39 ಮಂದಿಗೆ ಸೋಂಕು ಕಂಡುಬಂತು. ಎಲ್ಲರದ್ದೂ ಸೌಮ್ಯ ರೂಪದ್ದು ಅಥವಾ ಲಕ್ಷಣರಹಿತ. ಸೋಂಕಿನ ಮೂಲದ ಬಗ್ಗೆ ಮಾಹಿತಿ ದೊರೆತ 37 ಜನರಲ್ಲಿ 21 ಜನರಿಗೆ ಅದು ಬಂದದ್ದು ಮನೆಯವರಿಂದ ಎಂದು ಶಂಕಿಸಲಾಯಿತು. ಸಹೋದ್ಯೋಗಿಯಿಂದ ಅಥವಾ ರೋಗಿಯಿಂದ ಬಂದದ್ದು 11 ಜನರಿಗೆ ಮಾತ್ರ. ಬೇರೆ ದೇಶಗಳ ಅಧ್ಯಯನಗಳಲ್ಲಿಯೂ ಮನೆಯಲ್ಲಿ ಸೋಂಕಿತರಿರುವುದು ಮತ್ತು ಊರಿನಲ್ಲಿ ಸೋಂಕು ವ್ಯಾಪಕವಾಗಿರುವುದು, ಈ ಎರಡೇ ಪ್ರಬಲ ಅಪಾಯಕಾರಿ ಅಂಶಗಳಾಗಿ ಮತ್ತೆ ಮತ್ತೆ ಕಂಡಿವೆ. ಕಾರಣ ಸರಳ: ಮನೆಯಲ್ಲಿ ಯಾರೂ ಮಾಸ್ಕ್ ಧರಿಸುವುದಿಲ್ಲ, ಒಂದೇ ಕೋಣೆಯಲ್ಲಿ ಮಲಗುತ್ತೇವೆ, ಕಾಯಿಲೆಯವರ ಆರೈಕೆಯೂ ಮನೆಯ ಹೆಣ್ಣುಮಕ್ಕಳ ಪಾಲಿಗೇ ಬರುತ್ತದೆ. ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿರುವವಳು ಮನೆಯಲ್ಲಿಯೂ ಶುಶ್ರೂಷಕಿಯೇ. ಮೇ ತಿಂಗಳಲ್ಲಿ ನಿಮಗೆ ಪಾಸಿಟಿವ್ ಬರುವ ಮುನ್ನ ಮನೆಯಲ್ಲಿ ಯಾರಿಗಾದರೂ ಜ್ವರ ಬಂದಿತ್ತೇ ಎಂಬುದನ್ನು ನೀವು ಬರೆದಿಲ್ಲ. ನಾನು ಮೊದಲು ಕೇಳುವ ಪ್ರಶ್ನೆ ಅದು.

ವಿಶ್ರಾಂತಿ ಕೋಣೆಯಲ್ಲಿ ನಡೆಯುವುದು ನಿಮಗೆ ಗೊತ್ತೇ ಇದೆ. ಕಿಟ್ ಬಿಚ್ಚಿ ಬಂದವರು, ಬುತ್ತಿ ಬಿಚ್ಚಿ, ರೊಟ್ಟಿ-ಪಲ್ಯ ಹಂಚಿಕೊಂಡು, ಚಹಾ ಕುಡಿಯುತ್ತ, ಆರೇಳು ಗಂಟೆ ಮುಚ್ಚಿದ್ದ ಬಾಯಿ ತೆರೆದು ನಗುತ್ತ ಮಾತನಾಡುತ್ತಾರೆ. ಅದು ಅವರಿಗೆ ಬೇಕಾದ ಬಿಡುವು. ಅದನ್ನು ನಿಷೇಧಿಸುವ ಸುತ್ತೋಲೆಗಳು ಅಮಾನವೀಯವೂ ಹೌದು, ನಿಷ್ಫಲವೂ ಹೌದು. ತೊಂದರೆ ಇರುವುದು ಊಟದಲ್ಲಿ ಅಲ್ಲ, ಕೋಣೆಯ ಗಾಳಿಯಲ್ಲಿ. ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಂಪು ಮಾಡಿ ಮತ್ತೆ ಒಳಗೇ ಬಿಡುತ್ತದೆ. ಕಿಟಕಿ ಮುಚ್ಚಿ ಅದನ್ನು ಹಾಕಿದ ಚಿಕ್ಕ ಕೋಣೆಯಲ್ಲಿ ಒಬ್ಬರ ಉಸಿರು ಎಲ್ಲರ ಪಾಲಾಗುತ್ತದೆ. ನಮ್ಮ ಕಡೆ ಕಿಟಕಿಯ ಹೊರಗೆ ಇಡುವ ನೀರಿನ ಕೂಲರ್ ಹಾಗಲ್ಲ. ಅದು ಹೊರಗಿನ ಗಾಳಿಯನ್ನು ಒಳಗೆ ತಳ್ಳುತ್ತದೆ. ಎದುರಿನ ಬಾಗಿಲನ್ನೋ ಕಿಟಕಿಯನ್ನೋ ತೆರೆದಿಟ್ಟರೆ ಕೋಣೆಯ ಗಾಳಿ ಬದಲಾಗುತ್ತಲೇ ಇರುತ್ತದೆ. ಸೋಂಕು ನಿಯಂತ್ರಣದ ದೃಷ್ಟಿಯಿಂದ ಹೇಳುವುದಾದರೆ ಬೇಸಿಗೆಯಲ್ಲಿ ಕಲಬುರಗಿಯ ಆಸ್ಪತ್ರೆಯ ಚಹಾ ಕೋಣೆಗೆ ಎಸಿಗಿಂತ ಕೂಲರೇ ಲೇಸು. ಕೂಲರನ್ನು ಕೋಣೆಯೊಳಗೇ ಇಟ್ಟು ಬಾಗಿಲು ಹಾಕಿಕೊಂಡರೆ ಈ ಲಾಭವಿಲ್ಲ. ಜಿಲ್ಲಾ ಕೇಂದ್ರದಿಂದ ತಾಲ್ಲೂಕುಗಳಿಗೆ ಹತ್ತು-ಹನ್ನೆರಡು ಜನ ಒಂದೇ ಜೀಪಿನಲ್ಲಿ ಗಾಜು ಏರಿಸಿ ದಿನವೂ ಓಡಾಡುವುದನ್ನೂ ಇದೇ ಲೆಕ್ಕಕ್ಕೆ ಸೇರಿಸಿ.

ಒಡ್ಡಿಕೆಯ ನಂತರ ಬರುವ ಅಂಶ ಕಾಲ. ತೋಳಿಗೆ ಚುಚ್ಚಿದ ಲಸಿಕೆಯಿಂದ ರಕ್ತದಲ್ಲಿ ಪ್ರತಿಕಾಯಗಳು (ಆ್ಯಂಟಿಬಾಡಿಗಳು) ಚೆನ್ನಾಗಿ ಏರುತ್ತವೆ. ಆದರೆ ವೈರಾಣು ಮೊದಲು ಇಳಿಯುವ ಮೂಗು-ಗಂಟಲಿನ ಒಳಪದರದಲ್ಲಿ ಅವುಗಳ ಪ್ರಮಾಣ ಕಡಿಮೆ. ಆ ಪ್ರಮಾಣವೂ ತಿಂಗಳುಗಳು ಕಳೆದಂತೆ ಇಳಿಯುತ್ತದೆ. ಅಮೆರಿಕದ ಸ್ಯಾನ್ ಡಿಯಾಗೋದ ವಿಶ್ವವಿದ್ಯಾಲಯವೊಂದರ ಆರೋಗ್ಯ ಸಿಬ್ಬಂದಿಯಲ್ಲಿ 2021ರ ಮಾರ್ಚ್‌ನಿಂದ ಜೂನ್‌ವರೆಗೆ ಶೇ 90ಕ್ಕಿಂತ ಹೆಚ್ಚಿದ್ದ ಲಸಿಕೆಯ ಪರಿಣಾಮ, ಡೆಲ್ಟಾ ಹರಡಿದ ಜುಲೈನಲ್ಲಿ ಶೇ 65.5ಕ್ಕೆ ಇಳಿಯಿತು. ಜನವರಿ-ಫೆಬ್ರುವರಿಯಲ್ಲಿ ಲಸಿಕೆ ಮುಗಿಸಿದವರಲ್ಲಿ ಆ ತಿಂಗಳು ಸಾವಿರಕ್ಕೆ 6.7 ಜನರಿಗೆ ಸೋಂಕು ಬಂದರೆ, ಮಾರ್ಚ್‌ನಿಂದ ಮೇವರೆಗೆ ಮುಗಿಸಿದವರಲ್ಲಿ ಸಾವಿರಕ್ಕೆ 3.7 ಜನರಿಗೆ ಬಂತು. ಮೊದಲು ಲಸಿಕೆ ಪಡೆದವರ ರಕ್ಷಣೆಯೇ ಮೊದಲು ಸವೆಯುತ್ತದೆ. ಬಹಳಷ್ಟು ದೇಶಗಳಲ್ಲಿ ಆ ಮೊದಲಿಗರಲ್ಲಿ ಆರೋಗ್ಯ ಸಿಬ್ಬಂದಿಯೂ ಇದ್ದರು. ಆದರೆ ಉಲ್ಬಣವನ್ನು ತಡೆಯುವ ಸ್ಮೃತಿಕೋಶಗಳು ಇಷ್ಟು ಬೇಗ ಕುಂದುವುದಿಲ್ಲ. ಅವು ಎಚ್ಚೆತ್ತು ಸಜ್ಜಾಗಲು ಕೆಲವು ದಿನ ತೆಗೆದುಕೊಳ್ಳುತ್ತವೆ. ಅಷ್ಟರಲ್ಲಿ ಗಂಟಲಿನಲ್ಲಿ ವೈರಾಣು ಬೆಳೆದು ಪರೀಕ್ಷೆ ಪಾಸಿಟಿವ್ ಆಗಬಹುದು, ಜ್ವರವೂ ಬರಬಹುದು. ಶ್ವಾಸಕೋಶದವರೆಗೆ ಅದು ಇಳಿಯುವ ಮುನ್ನ ತಡೆ ಬೀಳುತ್ತದೆ.

ನಿಮ್ಮ ಎರಡು ಸೋಂಕುಗಳಿಗೆ ಇದನ್ನು ಅನ್ವಯಿಸಿದರೆ ಎರಡರ ಕಾರಣವೂ ಬೇರೆ ಬೇರೆ ಎಂದು ಕಾಣುತ್ತದೆ. ಮೇ 2021ರಲ್ಲಿ ನಿಮ್ಮ ಎರಡನೆಯ ಡೋಸ್ ಹಳತಾಗಿರಲಿಲ್ಲ. ಆಗಿನ ಕಾರಣ ಡೆಲ್ಟಾ ತಳಿ ಮತ್ತು ಊರಿಗೆ ಊರೇ ಕೆಮ್ಮುತ್ತಿದ್ದ ಪರಿಸ್ಥಿತಿ. ನಾಲ್ಕು ವಾರಗಳ ಅಂತರವೂ ಅಲ್ಪಸ್ವಲ್ಪ ಪಾಲು ಪಡೆದಿರಬಹುದು. ಕೋವಿಶೀಲ್ಡ್ ಡೋಸ್‌ಗಳ ನಡುವಿನ ಅಂತರ ಹೆಚ್ಚಿದರೆ ಪ್ರತಿಕಾಯಗಳ ಮಟ್ಟ ಮೇಲೇರುತ್ತದೆ ಎಂದು ತಿಳಿದ ಮೇಲೆ ಸರ್ಕಾರ ಅದನ್ನು ಮಾರ್ಚ್‌ನಲ್ಲಿ ಆರರಿಂದ ಎಂಟು ವಾರಕ್ಕೆ, ಮೇ ತಿಂಗಳಲ್ಲಿ 12ರಿಂದ 16 ವಾರಕ್ಕೆ ಏರಿಸಿತು. ನಿಮಗೆ ಸಿಕ್ಕದ್ದು ಆಗಿನ ನಿಯಮದಂತೆ ಸರಿಯಾದ ಅಂತರವೇ. ಜನವರಿ 2022ರ ಕಥೆ ಬೇರೆ. ಎರಡನೆಯ ಡೋಸ್ ಆಗಿ ಹತ್ತು ತಿಂಗಳಾಗಿತ್ತು, ಒಮಿಕ್ರಾನ್ ಬಂದಿತ್ತು. ಹಿಂದಿನ ಸೋಂಕು ಮರುಸೋಂಕಿನಿಂದ ಕಾಪಾಡುತ್ತದೆ ಎಂಬುದು ಸುಳ್ಳಲ್ಲ. ಬ್ರಿಟನ್ನಿನ ಆರೋಗ್ಯ ಸಿಬ್ಬಂದಿಯನ್ನು ನಿಯತವಾಗಿ ಪರೀಕ್ಷಿಸುತ್ತಿದ್ದ ಸೈರನ್ ಅಧ್ಯಯನದಲ್ಲಿ, ಮೊದಲೇ ಸೋಂಕಿತರಾದವರಿಗೆ ಮರುಸೋಂಕಿನ ಅಪಾಯ ಸುಮಾರು ಶೇ 84ರಷ್ಟು ಕಡಿಮೆ ಇತ್ತು. ಅದು ಒಮಿಕ್ರಾನ್‌ಗೆ ಮೊದಲಿನ ಮಾತು. ವೈರಾಣುವಿನ ಮೈಮೇಲಿರುವ ಮುಳ್ಳಿನ ಪ್ರೋಟೀನಿನಲ್ಲಿ (ಸ್ಪೈಕ್) ಮೂವತ್ತಕ್ಕೂ ಹೆಚ್ಚು ಬದಲಾವಣೆಗಳನ್ನು ಹೊತ್ತು ಬಂದ ಆ ತಳಿಗೆ ಹಳೆಯ ಪ್ರತಿಕಾಯಗಳು ಸರಿಯಾಗಿ ಅಂಟಿಕೊಳ್ಳಲಿಲ್ಲ. ಮುನ್ನೆಚ್ಚರಿಕೆ ಡೋಸ್ ಆರಂಭವಾದದ್ದು ಜನವರಿ 10ರಂದು, ಅಷ್ಟರಲ್ಲಿ ಅಲೆ ಏರತೊಡಗಿತ್ತು. ಒಂಬತ್ತು ತಿಂಗಳ ಅಂತರದ ನಿಯಮವೂ ಇತ್ತು. ಆ ಡೋಸ್ ಎರಡು ತಿಂಗಳು ಮುಂಚೆ ದೊರೆತಿದ್ದರೆ ಆರೋಗ್ಯ ಸಿಬ್ಬಂದಿಗೆ ಹೆಚ್ಚು ಪ್ರಯೋಜನವಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ವೈಯಕ್ತಿಕ ಅಂಶಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ವಯಸ್ಸಾದವರಲ್ಲಿ, ಸ್ಥೂಲಕಾಯದವರಲ್ಲಿ, ಸಕ್ಕರೆ ಹತೋಟಿಯಲ್ಲಿಲ್ಲದವರಲ್ಲಿ ಲಸಿಕೆಯ ನಂತರ ಪ್ರತಿಕಾಯಗಳು ಸ್ವಲ್ಪ ಕಡಿಮೆ ಏರುತ್ತವೆ. ಅಂಗಾಂಗ ಕಸಿ ಮಾಡಿಸಿಕೊಂಡವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ದೀರ್ಘಕಾಲ ಸ್ಟೀರಾಯ್ಡ್ ಸೇವಿಸುವವರಲ್ಲಿ ಬಹಳವೇ ಕಡಿಮೆ. ಆದರೂ ಸೋಂಕಿತರ ಪಟ್ಟಿಯಲ್ಲಿ ಹಲವೆಡೆ ಕಿರಿಯ ಸಿಬ್ಬಂದಿಯೇ ಹೆಚ್ಚಾಗಿ ಕಾಣಿಸಿಕೊಂಡರು. ರಾತ್ರಿ ಪಾಳಿ, ಹಾಸಿಗೆಯ ಬಳಿಯ ಕೆಲಸ, ಹಾಸ್ಟೆಲಿನ ವಾಸ ಅವರ ಪಾಲಿಗಿರುವುದೇ ಇದಕ್ಕೆ ಕಾರಣ. ಹಾಗಾಗಿ ನಿಮ್ಮ ಸಕ್ಕರೆ ಕಾಯಿಲೆಯನ್ನು ಮೊದಲ ಪಟ್ಟಿಯಲ್ಲಿ ಹುಡುಕಬೇಡಿ, ಎರಡನೆಯದರಲ್ಲಿ ಇಡಿ. ಸೋಂಕು ತಗುಲುವುದನ್ನು ಅದು ಅಷ್ಟಾಗಿ ನಿರ್ಧರಿಸುವುದಿಲ್ಲ. ತಗುಲಿದ ಮೇಲೆ ಏನಾಗುತ್ತದೆ ಎಂಬುದರಲ್ಲಿ ಅದರ ಪಾತ್ರವಿದೆ. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ತಪ್ಪಿಸದೆ ಮಾಡಿಸುತ್ತಿರಿ. ಆ್ಯಂಟಿಬಾಡಿ ಪರೀಕ್ಷೆಗಿಂತ ಅದರ ಉಪಯೋಗ ಹೆಚ್ಚು. ಲಸಿಕೆ ಬರುವ ಮೊದಲು ಆರೋಗ್ಯ ಸಿಬ್ಬಂದಿಗೆ ಮುಂಜಾಗ್ರತೆಗೆಂದು ಹಂಚಿದ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ಇನ್ನೂ ನೆನೆಯುವವರಿದ್ದಾರೆ. ಸೋಂಕು ತಡೆಯಲು ಅದನ್ನು ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಚ್‌ನಲ್ಲಿಯೇ ಸ್ಪಷ್ಟವಾಗಿ ಹೇಳಿದೆ.

ನಿಮ್ಮ ಗೆಳತಿಗೆ ಒಮ್ಮೆಯೂ ಸೋಂಕು ಬರಲಿಲ್ಲ ಎಂಬ ಮಾತನ್ನೂ ಸ್ವಲ್ಪ ಸಂಶಯದಿಂದ ನೋಡಬೇಕು. ಅವರು ಪಾಸಿಟಿವ್ ಆಗಲಿಲ್ಲ ಎಂಬುದಷ್ಟೇ ನಮಗೆ ತಿಳಿದಿರುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರ ಡಿಸೆಂಬರ್ ಮತ್ತು 2021ರ ಜನವರಿಯಲ್ಲಿ, ಲಸಿಕೆ ಇನ್ನೂ ವ್ಯಾಪಕವಾಗುವ ಮುನ್ನ, ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಆರೋಗ್ಯ ಸಿಬ್ಬಂದಿಯ ಸುಮಾರು ನಾಲ್ಕನೆಯ ಒಂದು ಭಾಗದವರ ರಕ್ತದಲ್ಲಿ ಸೋಂಕಿನ ಗುರುತು ಸಿಕ್ಕಿತ್ತು. ಅವರಲ್ಲಿ ಅನೇಕರಿಗೆ ತಮಗೆ ಸೋಂಕು ತಗುಲಿದ್ದೇ ಗೊತ್ತಿರಲಿಲ್ಲ. ಲಕ್ಷಣವಿಲ್ಲದೆ ಬಂದು ಹೋದ ಸೋಂಕು, ಪರೀಕ್ಷೆ ಮಾಡಿಸದ ನೆಗಡಿ, ತಪ್ಪಾಗಿ ನೆಗೆಟಿವ್ ಬಂದ ರ‍್ಯಾಪಿಡ್ ಪರೀಕ್ಷೆ, ಈ ಮೂರಕ್ಕೂ ಅವಕಾಶವಿದೆ. ಹಾಗೆ ಸದ್ದಿಲ್ಲದೆ ಬಂದು ಹೋದ ಸೋಂಕು ಲಸಿಕೆಯೊಡನೆ ಸೇರಿ ಅವರಿಗೆ ಗಟ್ಟಿಯಾದ ರಕ್ಷಣೆ ಕೊಟ್ಟಿರಲೂಬಹುದು.

ಈಗ ಆ್ಯಂಟಿಬಾಡಿ ಪರೀಕ್ಷೆ ಮಾಡಿಸಿ ಇದನ್ನು ತಿಳಿಯಬಹುದೇ ಎಂದರೆ, ಪ್ರಯೋಜನವಿಲ್ಲ. ಇಸ್ರೇಲಿನ ಅದೇ ಅಧ್ಯಯನದಲ್ಲಿ ಸೋಂಕಿತರಾದವರ ತಟಸ್ಥೀಕಾರಕ ಪ್ರತಿಕಾಯಗಳ (ವೈರಾಣುವನ್ನು ತಡೆಯುವಂಥವು) ಮಟ್ಟ ಸೋಂಕಿತರಾಗದವರಿಗಿಂತ ಕಡಿಮೆ ಇದ್ದದ್ದು ನಿಜ. ಆದರೆ ಅದು ಗುಂಪುಗಳ ಸರಾಸರಿಯ ಮಾತು. ಇಂತಿಷ್ಟು ಅಂಕಿಗಿಂತ ಮೇಲಿದ್ದರೆ ನೀವು ಸುರಕ್ಷಿತ ಎಂದು ಒಬ್ಬ ವ್ಯಕ್ತಿಗೆ ಹೇಳುವ ಗಡಿರೇಖೆ ಯಾವುದೂ ಸ್ಥಾಪಿತವಾಗಿಲ್ಲ. ಖಾಸಗಿ ಪ್ರಯೋಗಾಲಯಗಳ ಪರೀಕ್ಷೆಗಳು ಸಾಮಾನ್ಯವಾಗಿ ಅಳೆಯುವುದು ಮುಳ್ಳಿನ ಪ್ರೋಟೀನಿನ ಒಟ್ಟು ಪ್ರತಿಕಾಯಗಳನ್ನು. ಇಂದಿನ ತಳಿಯನ್ನು ಅವು ತಡೆಯಬಲ್ಲವೇ ಎಂಬುದನ್ನಲ್ಲ. ಹಿಂದಿನ ಸೋಂಕಿನ ಗುರುತಾಗಿ ವೈರಾಣುವಿನ ಒಳಗಿನ ನ್ಯೂಕ್ಲಿಯೋಕ್ಯಾಪ್ಸಿಡ್ ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯವನ್ನು ನೋಡಬಹುದಾದರೂ ಅದು ಕಾಲಾಂತರದಲ್ಲಿ ಮಾಯವಾಗುತ್ತದೆ. ನಿಮ್ಮ ಗೆಳತಿ ಕೋವ್ಯಾಕ್ಸಿನ್ ಪಡೆದವರಾಗಿದ್ದರೆ, ಇಡೀ ವೈರಾಣುವನ್ನು ನಿಷ್ಕ್ರಿಯಗೊಳಿಸಿ ಮಾಡಿದ ಆ ಲಸಿಕೆಯಿಂದಲೇ ಆ ಪ್ರತಿಕಾಯ ಬಂದಿರಬಹುದು. ಹಣ ಉಳಿಸಿಕೊಳ್ಳಿ.

ಮತ್ತೊಂದು ಡೋಸ್ ಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು 2023ರ ಮಾರ್ಚ್‌ನಲ್ಲಿ ನೀಡಿದ ಸಲಹೆಯಲ್ಲಿ ಮುಂಚೂಣಿಯ ಆರೋಗ್ಯ ಸಿಬ್ಬಂದಿಯನ್ನು ಹಿರಿಯ ನಾಗರಿಕರು ಮತ್ತು ಸಹಕಾಯಿಲೆ ಇರುವವರೊಡನೆ ಹೆಚ್ಚಿನ ಆದ್ಯತೆಯ ಗುಂಪಿನಲ್ಲಿಯೇ ಇರಿಸಿತ್ತು. ಉದ್ಯೋಗದಿಂದಲೂ ಸಕ್ಕರೆ ಕಾಯಿಲೆಯಿಂದಲೂ ನೀವು ಆ ಗುಂಪಿಗೆ ಸೇರುತ್ತೀರಿ. ಆದ್ದರಿಂದ ಮುಂದೆ ಸರ್ಕಾರ ಹೊಸ ಡೋಸ್ ಸೂಚಿಸಿದರೆ ತಡಮಾಡಬೇಡಿ. ಸೂಚನೆ ಇಲ್ಲದಿರುವಾಗ ಅದಕ್ಕಾಗಿ ಅಲೆದಾಡುವ ಅಗತ್ಯವೂ ಇಲ್ಲ. ಎರಡು ಸೋಂಕು, ಮೂರು ಡೋಸ್ ಆದ ದೇಹಕ್ಕೆ ಉಲ್ಬಣದ ವಿರುದ್ಧ ಉತ್ತಮ ತಳಹದಿಯೇ ಇದೆ.

ಇನ್ನು ಜ್ವರದ ವಾರ್ಡಿನ ಮಾತು. ಹತೋಟಿಯಲ್ಲಿರುವ ಸಕ್ಕರೆ ಕಾಯಿಲೆಯೊಂದೇ ಕಾರಣವಾಗಿ ಅಲ್ಲಿಂದ ವಿನಾಯಿತಿ ಕೇಳಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ಸೇವಿಸುವವರು, ಮೂತ್ರಪಿಂಡದ ತೊಂದರೆ ಇರುವವರು ಕೇಳಬೇಕು. ಕೇಳುವ ಮುನ್ನವೇ ಅವರಿಗೆ ಕೊಡಬೇಕು. ನೀವು ಹೆರಿಗೆ ವಾರ್ಡಿನಲ್ಲಿಯೇ ಉಳಿದರೆ ಅಪಾಯ ಕಡಿಮೆಯಾಗುತ್ತದೆ ಎಂಬ ಭರವಸೆ ಇಲ್ಲ ಎಂಬುದನ್ನು ನಿಮ್ಮ ಅನುಭವವೇ ತೋರಿಸಿದೆ. ಊರಿನಲ್ಲಿ ಪ್ರಕರಣಗಳು ಏರುತ್ತಿರುವ ವಾರಗಳಲ್ಲಿ ಯಾವ ವಾರ್ಡಿನಲ್ಲಿದ್ದರೂ ಎನ್-95 ಧರಿಸಿ. ಧರಿಸಿದ ಕೂಡಲೇ ಎರಡೂ ಅಂಗೈಗಳಿಂದ ಮುಚ್ಚಿ ಜೋರಾಗಿ ಉಸಿರು ಬಿಟ್ಟು, ಅಂಚಿನಿಂದ ಗಾಳಿ ಸೋರುತ್ತದೆಯೇ ಎಂದು ನೋಡಿಕೊಳ್ಳಿ. ಮನೆಯಲ್ಲಿ ಯಾರಿಗಾದರೂ ಜ್ವರ, ಗಂಟಲು ನೋವು ಬಂದರೆ ಆರೈಕೆ ಮಾಡುವಾಗಲೂ ಅದೇ ಮಾಸ್ಕ್, ತೆರೆದ ಕಿಟಕಿ, ಸಾಧ್ಯವಾದರೆ ಬೇರೆ ಕೋಣೆ. ನಿಮಗೇ ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಡ್ಯೂಟಿಗೆ ಹೋಗಬೇಡಿ. ಬದಲಿ ಸಿಬ್ಬಂದಿ ಇಲ್ಲ ಎಂಬ ಕಾರಣಕ್ಕೆ ಹೀಗೆ ಬರುವವರಿಂದಲೇ ಸಹೋದ್ಯೋಗಿಗಳಿಗೂ ಬಾಣಂತಿಯರಿಗೂ ಸೋಂಕು ದಾಟುತ್ತದೆ.

ವಾರ್ಡ್ ಬದಲಾವಣೆಯ ಅರ್ಜಿಯ ಬದಲು ನಿಮ್ಮ ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿಗೆ ಒಂದು ಪತ್ರ ಬರೆಯಿರಿ. ಸಿಬ್ಬಂದಿಯ ಕೋಣೆಯ ಕಿಟಕಿ ತೆರೆಯುವಂತಾಗಬೇಕು, ಗಾಳಿ ಹೊರಹಾಕುವ ಫ್ಯಾನ್ ಹಾಕಿಸಬೇಕು, ಊಟದ ಸಮಯವನ್ನು ಎರಡು ಪಾಳಿಯಾಗಿ ವಿಂಗಡಿಸಬೇಕು, ಹೆರಿಗೆ ಕೋಣೆಗೂ ಗ್ರೂಪ್ ‘ಡಿ’ ಸಿಬ್ಬಂದಿಗೂ ಎನ್-95 ದಾಸ್ತಾನಿನಲ್ಲಿ ಪಾಲು ಸಿಗಬೇಕು ಎಂದು ಕೇಳಿ. ಪತ್ರಕ್ಕೆ ಲ್ಯಾಬ್ ಟೆಕ್ನೀಷಿಯನ್ ಮತ್ತು ಆಯಾಗಳ ಸಹಿಯನ್ನೂ ಹಾಕಿಸಿ, ಸ್ವೀಕೃತಿಯ ಮೊಹರು ಪಡೆದು ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.